ನಾಚಿಕೆಯೂ ನಾಚಿಕೆಗೇಡೂ

ಡೊಂಬಿವಲಿ, 14 ಜುಲೈ 2024, ಭಾನುವಾರ

ಮಳೆ ಬಿಡದ ಕಾರಣ ಮುಂಬೈಯ ಮಾಟುಂಗಕ್ಕೆ ಹೋಗುವುದನ್ನು ಕೈಬಿಟ್ಟೆ. ಕನ್ನಡ ಕಲಿಯುತ್ತಿರುವ ಪಕ್ಕದ ಮನೆಯ ಮರಾಠಿ ಗೆಳತಿ ಹನ್ನೊಂದಕ್ಕೆ ನೋಟ್‌ಬುಕ್ ಹಿಡಿದು ಬಂದರು. ಕಳೆದ ವಾರ ನಮ್ಮಲ್ಲಿ ಊಟಕ್ಕೆ ಕುಳಿತಾಗ ಅವರು ‘ನನಗೆ ನಾಚಿಕೆ ಇಲ್ಲ, ಇನ್ನೊಂದು ಒಬ್ಬಟ್ಟು ಹಾಕಿ’ ಎಂದದ್ದಕ್ಕೆ ಎಲ್ಲರೂ ನಕ್ಕಿದ್ದೆವು. ‘ನಾಚಿಕೊಳ್ಳದೆ’ ಎಂದರೆ ಉಪಚಾರ, ‘ನಾಚಿಕೆಯಿಲ್ಲದೆ’ ಎಂದರೆ ಬೈಗುಳ ಎಂದು ಆಮೇಲೆ ವಿವರಿಸಬೇಕಾಯಿತು.

ಇಂದು ಅವರು ಪತ್ರಿಕೆಯಲ್ಲಿ ಗುರುತು ಹಾಕಿ ತಂದಿದ್ದ ಮಾತು ‘ನಾಚಿಕೆಗೇಡಿನ ಸಂಗತಿ’. ನಾಚಿಕೆ ಎಂದರೆ ಮರಾಠಿಯ ಲಾಜ, ಕೇಡು ಎಂದರೆ ನಾಶ. ಸಂಕೋಚ ನಾಶವಾದರೆ ಒಳ್ಳೆಯದೇ ಅಲ್ಲವೇ ಎಂಬುದು ಅವರ ಪ್ರಶ್ನೆ. ಹುಟ್ಟಿದಾಗಿನಿಂದ ಬಳಸುತ್ತಿರುವ ಪದವನ್ನು ನಾನು ಹೀಗೆ ಬಿಡಿಸಿ ನೋಡಿಯೇ ಇರಲಿಲ್ಲ. ಮರಾಠಿಯ ‘ಲಾಜಿರವಾಣೀ ಗೋಷ್ಟ’ ನಾಚಿಕೆ ತರಿಸುವ ಸಂಗತಿಯಾದರೆ, ಕನ್ನಡದ ಪದ ನಾಚಿಕೆಯೇ ಕೆಟ್ಟುಹೋಯಿತೆಂದು ದೂರುತ್ತದೆ. ಮಾನಗೇಡಿನಲ್ಲಿ ಕೆಡುವುದು ಮಾನ, ಬುದ್ಧಿಗೇಡಿಯಲ್ಲಿ ಕೆಟ್ಟಿರುವುದು ಬುದ್ಧಿ. ನಾಚಿಕೆಯೂ ಹಾಗೆಯೇ ಉಳಿಸಿಕೊಳ್ಳಬೇಕಾದ ಸೊತ್ತುಗಳ ಸಾಲಿನಲ್ಲಿ ನಿಂತಿದೆ. ಲಂಚ ತಿಂದು ಸಿಕ್ಕಿಬಿದ್ದ ಮೇಲೂ ಹಾರ ಹಾಕಿಸಿಕೊಂಡು ಮೆರೆಯುವವನು ನಾಚಿಕೆಗೇಡಿ. ತಪ್ಪು ಮಾಡಿ ತಲೆ ತಗ್ಗಿಸಿ ಕುಳಿತವನನ್ನು ಹಾಗೆ ಕರೆಯಲಾಗದು, ಅವನಲ್ಲಿ ಅದಿನ್ನೂ ಕೆಟ್ಟಿಲ್ಲ. ಕ್ರಿಕೆಟ್ಟಿನಲ್ಲಿ ಸೋತರೂ ‘ನಾಚಿಕೆಗೇಡಿನ ಸೋಲು’ ಎಂದು ಬರೆಯುವುದು, ಬಳಕೆಯಲ್ಲಿ ಎಷ್ಟೇ ಸವೆದಿರಲಿ, ನನಗಂತೂ ರುಚಿಸುವುದಿಲ್ಲ.

ಹಳಗನ್ನಡದಲ್ಲಿ ನಾಚಿಕೆಗೆ ‘ನಾಣ್’ ಎಂಬ ಪದವಿತ್ತು. ತಮಿಳು, ಮಲಯಾಳಗಳಲ್ಲಿ ಅದು ‘ನಾಣಂ’ ಆಗಿ ಇಂದಿಗೂ ಮಾತಿನಲ್ಲಿದೆ. ನಾವು ನಾಮಪದವನ್ನು ಬಿಟ್ಟುಕೊಟ್ಟು ‘ನಾಚು’ ಎಂಬ ಕ್ರಿಯಾಪದವನ್ನು ಉಳಿಸಿಕೊಂಡು, ಅದರಿಂದ ‘ನಾಚಿಕೆ’ಯನ್ನು ಮಾಡಿಕೊಂಡೆವು. ಅಕ್ಕಮಹಾದೇವಿಯ ‘ನಾಣಮರೆಯ ನೂಲು ಸಡಿಲೆ ನಾಚುವರು’ (ಮಾನ ಮುಚ್ಚುವ ಬಟ್ಟೆ ಸಡಿಲಿದರೆ ನಾಚುತ್ತಾರೆ) ಎಂಬ ಮಾತಿನಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ, ನಾಣಿಗೆ ಮರೆಯೂ ಅಂಟಿಕೊಂಡಿದೆ. ಅವಳದೇ ಇನ್ನೊಂದು ವಚನದ ‘ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದೊಡೆಂತಯ್ಯಾ’ ಎಂಬಲ್ಲಿ ಮಾತ್ರ ನಾಚುವುದೆಂದರೆ ಲಜ್ಜೆಯಲ್ಲ, ಅಳುಕಿ ಹಿಂಜರಿಯುವುದು. ಇದನ್ನು ಗೆಳತಿಗೆ ಓದಿ ಹೇಳುತ್ತಿದ್ದಂತೆ ಕಿಟಕಿಯಾಚೆ ಫಾಸ್ಟ್ ಲೋಕಲ್ ರೈಲು ಹಾದುಹೋಗಿ, ‘ಶಬ್ದಕ್ಕೆ’ ಎಂಬಲ್ಲಿಂದ ಮುಂದಿನದನ್ನು ಮತ್ತೊಮ್ಮೆ ಓದಬೇಕಾಯಿತು.