ಎಮ್ಮೆಸ್ಸಿ ಆಗಿದೆ, ಬಿ.ಎಡ್. ಇಲ್ಲ, ಅಡ್ಡಿಲ್ಲವಾ?

ಮೇ ತಿಂಗಳು ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರದಲ್ಲೂ ಇದೇ ಪ್ರಶ್ನೆ. ಖಾಸಗಿ ಶಾಲೆಯವರು ಕರೆಯುತ್ತಿದ್ದಾರೆ, ವಿಷಯ ಚೆನ್ನಾಗಿ ಗೊತ್ತು, ತರಬೇತಿ ಒಂದು ಇಲ್ಲ, ನಡೆಯುತ್ತದಾ?

ಕಾನೂನಿನ ಮಟ್ಟಿಗೆ ನಡೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 23ನೇ ಕಲಮಿನಂತೆ ಶಿಕ್ಷಕರ ಅರ್ಹತೆ ನಿಗದಿಯಾಗುತ್ತದೆ, ಅದು ಸರ್ಕಾರಿ ಶಾಲೆಗಷ್ಟೇ ಅಲ್ಲ. 1ರಿಂದ 5ಕ್ಕೆ ಪಿಯುಸಿ ಮತ್ತು ಎರಡು ವರ್ಷದ ಡಿ.ಎಲ್.ಎಡ್. (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ, ಹಳಬರ ಬಾಯಲ್ಲಿ ಟಿ.ಸಿ.ಎಚ್., ಡಿ.ಎಡ್.), 6ರಿಂದ 8ಕ್ಕೆ ಪದವಿಯ ಜೊತೆ ಬಿ.ಎಡ್. ಅಥವಾ ಡಿ.ಎಲ್.ಎಡ್., ಎರಡಕ್ಕೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ತರಬೇತಿ ಇಲ್ಲದೆ ಸೇರಿದ್ದವರಿಗೆ ಕೊಟ್ಟ ಕೊನೆಯ ಗಡುವು 2019ರ ಮಾರ್ಚ್ 31ಕ್ಕೇ ಮುಗಿಯಿತು. ಹೆಚ್ಚಿನವರು ಎಡವುವುದು ಇಲ್ಲಿ: ಬಿ.ಎಡ್. ಇದ್ದರೆ ಒಂದನೇ ತರಗತಿಗೂ ಆಯಿತು ಎಂದುಕೊಳ್ಳುತ್ತಾರೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದೆ. ಚಿಕ್ಕ ಮಕ್ಕಳಿಗೆ ಡಿ.ಎಲ್.ಎಡ್. ಆದವರೇ ಬೇಕು.

ಯಾಕೆ ಎಂಬುದು ಮೂರನೇ ತರಗತಿಯ ಒಂದು ಲೆಕ್ಕದಲ್ಲಿ ಕಾಣುತ್ತದೆ. 52ರಲ್ಲಿ 27 ಕಳೆ ಅಂದರೆ ಮಗು 35 ಎಂದು ಬರೆಯುತ್ತದೆ. ಎಮ್ಮೆಸ್ಸಿಯವರು ಕೆಂಪು ಗೀಟು ಎಳೆದು, ಸರಿ ಉತ್ತರ ಬೋರ್ಡಿನ ಮೇಲೆ ಬರೆದು ಮುಂದೆ ಹೋಗುತ್ತಾರೆ. ಮಗು ಮರುದಿನವೂ ಅದನ್ನೇ ಮಾಡುತ್ತದೆ. ಯಾಕೆಂದರೆ ಅದು ಅಜಾಗ್ರತೆಯಲ್ಲ, ಮಗುವಿನದೇ ಒಂದು ನಿಯಮ: ಮೇಲೆ ಇರಲಿ ಕೆಳಗೆ ಇರಲಿ, ದೊಡ್ಡದರಿಂದ ಸಣ್ಣದನ್ನು ಕಳೆ. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಇದಕ್ಕೆ ಮದ್ದು ಹತ್ತರ ಕಟ್ಟು. ಹಿಡಿಕಡ್ಡಿಯ ಐದು ಕಟ್ಟು, ಎರಡು ಬಿಡಿ ಕೊಟ್ಟು, ಏಳು ಬಿಡಿ ಕೇಳಬೇಕು. ಮಗು ತಾನಾಗಿ ಒಂದು ಕಟ್ಟಿನ ರಬ್ಬರು ಬಿಚ್ಚುವ ತನಕ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ. ಬಿಚ್ಚಿದ ಮೇಲಷ್ಟೇ ಪಟ್ಟಿಯಲ್ಲಿ 5 ಹೊಡೆದು 4 ಬರೆಸುವುದು. ಕಟ್ಟು ಬಿಚ್ಚುವ ಮೊದಲೇ ‘ಪಕ್ಕದ ಮನೆಯಿಂದ ಸಾಲ ತಾ’ ಅಂದರೆ ಮಗು ಮಾತನ್ನು ಬಾಯಿಪಾಠ ಮಾಡುತ್ತದೆ, 402 ಬಂದ ದಿನ ಸೊನ್ನೆಯ ಮನೆಯಲ್ಲಿ ಸಿಕ್ಕಿಬೀಳುತ್ತದೆ.

ಕರಾವಳಿಯಲ್ಲಿ ಇನ್ನೊಂದಿದೆ. ಮನೆಯಲ್ಲಿ ಕೊಂಕಣಿ ಆಡುವ ಮಗು ‘ಗಾಡಿ ಬಂದಳು’ ಎನ್ನಬಹುದು. ಕೊಂಕಣಿಯಲ್ಲಿ ಗಾಡಿ ಸ್ತ್ರೀಲಿಂಗ. ಕಾರಣ ತಿಳಿದವರು ನಗುವುದಿಲ್ಲ.

ಹಾಗೆಂದು ಪ್ರಮಾಣಪತ್ರ ಇದ್ದವರಿಗೆಲ್ಲ ಇದು ಬರುತ್ತದೆ ಅಂತಲ್ಲ. ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ಶಾಲೆಯಲ್ಲೇ ಇರಬೇಕು, ತರಗತಿಗೆ ಶೇ. 80, ಆ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ನಿಯಮ. ‘ಬರುವುದು ಬೇಡ, ಪರೀಕ್ಷೆಗೆ ಬನ್ನಿ ಸಾಕು’ ಎನ್ನುವ ಕಾಲೇಜಿನಲ್ಲಿ ಸಿಗುವುದು ಕಾಗದ ಮಾತ್ರ. ಸೇರುವ ಮೊದಲು ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿ) ಮಾನ್ಯತೆ ನೋಡಿಕೊಳ್ಳಿ. ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಬಿ.ಎಡ್. ಮುಗಿಸುತ್ತೇನೆ ಎಂಬ ಲೆಕ್ಕವೂ ಬೇಡ. ಅದು ಮೊದಲೇ ಒಂದು ತರಬೇತಿ ಆದವರಿಗೆ.

ಟಿಇಟಿ 150 ಪ್ರಶ್ನೆ, ಎರಡೂವರೆ ತಾಸು, ಸಾಮಾನ್ಯ ವರ್ಗಕ್ಕೆ 90 ಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಬಿ.ಎಡ್. ಓದುತ್ತಿರುವಾಗಲೇ ಬರೆಯಬಹುದು.