ಬಿಸಿಲು ಕೊಟ್ಟ ನಾಲ್ಕು ಕಿಲೋಮೀಟರ್

ಕಾರಿನ ಟಾಪ್ ಮೇಲಿರೋ ಸೋಲಾರ್ ಪ್ಯಾನೆಲ್ ಎಷ್ಟು ಚಾರ್ಜ್ ಮಾಡ್ತಿದೆ ಅಂತ ಡ್ರೈವರ್‌ಗೆ ಸ್ಕ್ರೀನಲ್ಲಿ ತೋರಿಸ್ಬೇಕು, ಒಂದು ವರ್ಷದಿಂದ ನಂದು ಇದೇ ಕೆಲಸ. ಮೊದಲನೇ ಡಿಸೈನಲ್ಲಿ ಸೂರ್ಯನಿಂದ ಬ್ಯಾಟರಿಗೆ ಹಳದಿ ಗೆರೆ ಹರೀತಿತ್ತು, ಪಕ್ಕದಲ್ಲಿ ದೊಡ್ಡದಾಗಿ ವಾಟ್. ಬೆಂಗಳೂರಲ್ಲೇ ಒಂದಷ್ಟು ಜನರನ್ನ ಕೂರಿಸಿ ಓಡಿಸೋಕೆ ಕೊಟ್ವಿ. ಬಿಸಿಲಲ್ಲಿ 150, ಫ್ಲೈಓವರ್ ಕೆಳಗೆ ಹೋದ್ರೆ 9, ಆಚೆ ಬಂದ್ರೆ ಮತ್ತೆ 140, ನಂಬರ್ ಕುಣೀತಾನೇ ಇತ್ತು, ಜನರ ಕಣ್ಣು ರೋಡ್ ಬಿಟ್ಟು ಅಲ್ಲಿಗೇ ಹೋಗ್ತಿತ್ತು. ಒಬ್ರು ಆಂಟಿ ಗಾಡಿ ನಿಲ್ಲಿಸಿ "ಇದು ಜಾಸ್ತಿನೋ ಕಮ್ಮಿನೋ, ಅದನ್ನ ಹೇಳಪ್ಪ ಮೊದ್ಲು" ಅಂದ್ರು. ಅಮೆರಿಕಾದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲೇ ಹೇಳಿದೆ, ಒಂದ್ಸಲ ಸ್ಕ್ರೀನ್ ನೋಡೋದು 2 ಸೆಕೆಂಡ್ ದಾಟಬಾರ್ದು ಅಂತ. ಗಾಡಿ ಓಡೋವಾಗ ಆ ಆನಿಮೇಷನ್ ಬೇಡ ಅಂತ ಅವತ್ತೇ ತೆಗೆದೆ.

ಹಾಗಾದ್ರೆ ಏನು ತೋರಿಸೋದು? ಲೆಕ್ಕ ನೋಡಿ. ಕಾರ್ ಟಾಪ್ ಮೇಲೆ ಹಿಡಿಸೋದು 200 ವಾಟ್ ಆಸುಪಾಸು, ಒಳ್ಳೇ ಬಿಸಿಲು 5 ಗಂಟೆ ಸಿಕ್ರೆ ಒಂದು ಯೂನಿಟ್, ಪ್ಯಾನೆಲ್ ಕಾಯೋದ್ರಿಂದ ಹೋಗೋದು, ವೈರು ಕನ್ವರ್ಟರಲ್ಲಿ ಹೋಗೋದು ಕಳೆದ್ರೆ ಕೈಗೆ ಮುಕ್ಕಾಲು ಯೂನಿಟ್, ಅಂದ್ರೆ ಒಂದು ಚಿಕ್ಕ ಕಾರಿಗೆ ನಾಲ್ಕೈದು ಕಿಲೋಮೀಟರ್. ಹ್ಯುಂಡೈನವರು 2019ರಲ್ಲಿ ಸೊನಾಟಾ ಹೈಬ್ರಿಡ್‌ಗೆ ಸೋಲಾರ್ ರೂಫ್ ಹಾಕಿದಾಗ ಹೇಳಿದ್ದೂ ದಿನಾ 6 ಗಂಟೆ ಬಿಸಿಲಿಗೆ ವರ್ಷಕ್ಕೆ 1,300 ಕಿ.ಮೀ., ಭಾಗಿಸಿದ್ರೆ ದಿನಕ್ಕೆ ಮೂರೂವರೆ. ದೊಡ್ಡ ಬ್ಯಾಟರೀಲಿ ಇದು ಪರ್ಸೆಂಟೇಜಲ್ಲಿ ಒಂದು, ಒಂದೂವರೆ ಅಷ್ಟೇ, ಕಾಣಿಸೋದೇ ಇಲ್ಲ. ಆದ್ರೆ ನಾಲ್ಕು ಕಿಲೋಮೀಟರ್ ಅಂದ್ರೆ ಮಗೂನ ಸ್ಕೂಲಿಗೆ ಬಿಟ್ಟು ಬರೋ ದೂರ. ಅದಕ್ಕೇ ಈಗ ಬಾಗಿಲು ತೆಗೆದು ಕೂತ ತಕ್ಷಣ ಒಂದೇ ಸಾಲು ಬರುತ್ತೆ: "ನಿನ್ನೆಯಿಂದ ಬಿಸಿಲಲ್ಲಿ ಬಂದಿದ್ದು 4 ಕಿ.ಮೀ." ಗೇರ್ ಹಾಕಿದ್ರೆ ಆ ಸಾಲು ಮಾಯ.

ಟೀಮಲ್ಲಿ ಇದನ್ನ "ಸೌರ ವಿದ್ಯುತ್ ಉತ್ಪಾದನೆ" ಅಂತ ಬರೆದಿದ್ರು, ಹಾಗೆ ಯಾರು ಮಾತಾಡ್ತಾರೆ ಹೇಳಿ? ಬಿಸಿಲು ಅನ್ನೋ ಪದ ಉಳಿಸ್ಕೊಳ್ಳೋಕೆ ತುಂಬಾ ಗುದ್ದಾಡಿದೀನಿ. ಇಂಗ್ಲಿಷಿಗೆ ಅಳತೆ ಮಾಡಿದ ಸಾಲಿನ ಜಾಗದಲ್ಲಿ ಒತ್ತಕ್ಷರದ ಕಾಲು ಕಟ್ ಆಗ್ತಿತ್ತು, ಅದಕ್ಕೂ ಎರಡು ವಾರ.

ಇನ್ನೊಂದು ತಲೆನೋವು ಸೊನ್ನೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನಿಲ್ಲಿಸಿದವರಿಗೆ 0 ಕಂಡ್ರೆ ಪ್ಯಾನೆಲ್ ಕೆಟ್ಟಿದೆ ಅಂತಾನೇ ಅನ್ಸೋದು. ಅದಕ್ಕೆ ಸೊನ್ನೆ ಜೊತೆ ಯಾವಾಗ್ಲೂ ಕಾರಣ ಬರೀತೀವಿ, ನೆರಳು, ಬ್ಯಾಟರಿ ಫುಲ್, ಬ್ಯಾಟರಿ ಕಾದಿದೆ. ಕೆಲವು ಕಾರಲ್ಲಿ ಬಿಸಿಲಿದ್ರೂ ನಂಬರ್ ಅಲ್ಲಾಡಲ್ಲ, ಯಾಕಂದ್ರೆ ಚಾರ್ಜ್ ತಗೊಳ್ಳೋಕೆ ದೊಡ್ಡ ಬ್ಯಾಟರೀನ ಆನ್ ಮಾಡೋಕೇ ಕರೆಂಟ್ ಖರ್ಚಾಗುತ್ತೆ. ಟೊಯೋಟಾ 2017ರ ಪ್ಲಗ್‌ಇನ್ (ವೈರ್ ಹಾಕಿನೂ ಚಾರ್ಜ್ ಮಾಡೋ) ಪ್ರಿಯಸ್‌ನಲ್ಲಿ ಅದಕ್ಕೇ ಮಧ್ಯ ಒಂದು ಸಣ್ಣ ಬ್ಯಾಟರಿ ಇಟ್ಟಿದ್ರು, ನಿಂತಾಗ ಅದರಲ್ಲಿ ತುಂಬಿಸ್ಕೊಂಡು ಆಮೇಲೆ ದೊಡ್ಡದಕ್ಕೆ ಸುರಿಯೋದು. ನಮ್ಮ ಮಕ್ಕಳ ಹುಂಡಿ ತರಾನೇ. ಸ್ಕ್ರೀನಲ್ಲೂ ಹುಂಡಿಯೊಳಗಿರೋದನ್ನ ಬೇರೆ ತೋರಿಸಿದ್ರೆ ಜನ ಕಾಯ್ತಾರೆ, ಇಲ್ಲಾಂದ್ರೆ ಗಾಬರಿ ಆಗ್ತಾರೆ.

ಹೋದ ವಾರದಿಂದ ಜಗಳ ಬೇರೆ ವಿಷಯಕ್ಕೆ. "ಬಿಸಿಲಲ್ಲಿ ನಿಲ್ಲಿಸಿ, ಹೆಚ್ಚು ಗಳಿಸಿ" ಅಂತ ಸ್ಕ್ರೀನಲ್ಲಿ ಟಿಪ್ ಹಾಕೋಣ ಅಂತಾರೆ ಟೀಮವರು. ಏಪ್ರಿಲಲ್ಲಿ ರಾಯಚೂರು ಬಿಸಿಲಿಗೆ ಗಾಡಿ ನಿಲ್ಲಿಸಿದ್ರೆ ಒಳಗೆ ಕೂರೋಕಾಗಲ್ಲ, ಅದನ್ನ ತಣ್ಣಗೆ ಮಾಡೋಕೆ ಎಸಿ ಎಳೆಯೋ ಕರೆಂಟು ಗಳಿಸಿದ್ರಲ್ಲಿ ದೊಡ್ಡ ಪಾಲೇ ತಿನ್ನುತ್ತೆ. ಹೊಂಗೆ ಮರದ ನೆರಳು ಸಿಕ್ಕವರು ಅಲ್ಲೇ ನಿಲ್ಲಿಸ್ಲಿ. ಆ ಟಿಪ್ ಹಾಕಲ್ಲ ಅಂತ ಸೋಮವಾರದ ಮೀಟಿಂಗಲ್ಲಿ ಎಸಿ ಲೆಕ್ಕ ಇಟ್ಕೊಂಡೇ ಹೇಳ್ತೀನಿ.