ಊಟ ಮಾಡಿದ್ದನಲ್ಲ?

ಈ ವಾರವಿಡೀ ಅವ್ವನ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಅವಳು ಕೇಳಿದ್ದು ಒಂದು ಕಪ್ಪೆಯ ಬಗ್ಗೆ.

ಕಪ್ಪೆಯ ಹೆಸರು ಅತುಲ್. ಮಗಳು ಆಡುವ ‘ಸ್ಪಿರಿಟ್‌ಫೇರರ್’ ಎಂಬ ವಿಡಿಯೊ ಗೇಮ್‌ನ ಪಾತ್ರ. ಮಾಂಟ್ರಿಯಲ್‌ನ ಥಂಡರ್ ಲೋಟಸ್ ಕಂಪನಿ 2020ರಲ್ಲಿ ಹೊರತಂದದ್ದು. ಗ್ರೀಕರ ಅಂಬಿಗ ಕ್ಯಾರನ್ ಕೆಲಸ ಬಿಟ್ಟ ಮೇಲೆ, ಸತ್ತವರನ್ನು ದಾಟಿಸುವ ಪಾಳಿ ಸ್ಟೆಲ್ಲಾ ಎಂಬ ಹುಡುಗಿಯದು. ಅವರಿಗೆ ಹಡಗಿನ ಮೇಲೆ ಮನೆ ಕಟ್ಟಿಕೊಡಬೇಕು, ತರಕಾರಿ ಬೆಳೆದು ಬೇಯಿಸಿ ಬಡಿಸಬೇಕು, ಆಗಾಗ ಅಪ್ಪಿಕೊಳ್ಳಬೇಕು. ಹೊರಡುವ ಮನಸ್ಸಾದವರನ್ನು ಸಣ್ಣ ದೋಣಿಯಲ್ಲಿ ಕೂರಿಸಿ ಎವರ್‌ಡೋರ್ ಎಂಬ ಕಮಾನಿನ ತನಕ ಬಿಟ್ಟು ಬರಬೇಕು. ಅವರ ಮನೆ ಮಾತ್ರ ಹಡಗಿನ ಮೇಲೆಯೇ ಉಳಿಯುತ್ತದೆ.

ಆನೆಗೊಂದಿಯಲ್ಲಿ ಹರಿಗೋಲು ಹತ್ತಿ ತುಂಗಭದ್ರೆ ದಾಟಿದವಳಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಲಿಲ್ಲ. ಗಂಗಾವತಿಯ ನಮ್ಮ ಪಡಸಾಲೆಯಲ್ಲಿ ಮೊಮ್ಮಗಳ ಪಕ್ಕ ಅಕ್ಕಿಯ ಮೊರ ಹಿಡಿದು ಕೂರುತ್ತಾಳೆ; ಕಲ್ಲು ಆರಿಸುತ್ತಲೇ ಪರದೆಯ ಮೇಲೊಂದು ಕಣ್ಣು. ಉಂಡದ್ದನ್ನೇ ಮತ್ತೆ ಬಡಿಸಿದರೆ ಆ ಅತಿಥಿಗಳು ಬೇಡ ಎನ್ನುತ್ತಾರೆ ಎಂದು ತಿಳಿದಾಗ ನಕ್ಕು, “ಥೇಟ್ ನಿಮ್ಮ ಅಪ್ಪ” ಎಂದಿದ್ದಳು. ಅತುಲ್ ಅವಳಿಗೆ ಅಚ್ಚುಮೆಚ್ಚು. ತಿಂಡಿಪೋತ, ನಗುಮೊಗದವನು. ಅವನಿಗೆ ಹಂದಿಮಾಂಸ ಪ್ರಾಣ ಎಂಬುದನ್ನು ಮಾತ್ರ ನಾವು ಮುಚ್ಚಿಟ್ಟಿದ್ದೇವೆ.

ಉಳಿದವರಂತೆ ಅತುಲ್ ದೋಣಿ ಹತ್ತುವುದಿಲ್ಲ. ಅವನ ಆಸೆಯಂತೆ ದೊಡ್ಡ ಊಟವಾಗುತ್ತದೆ. ಆಮೇಲೊಂದು ಬೆಳಗ್ಗೆ ನೋಡಿದರೆ ಅವನಿಲ್ಲ, ಅಷ್ಟೇ. ಮಗಳು ಹಡಗಿನ ಮೂಲೆ ಮೂಲೆ ಹುಡುಕಿದಳು.

“ಎಲ್ಲಿ ಹೋದ?”

“ಹೋಗಿಬಿಟ್ಟ ಅಜ್ಜಿ.”

“ಹೇಳದೆಯೇ?”

“ಹೇಳದೆಯೇ.”

ಅವ್ವ ಮೊರದಲ್ಲಿ ಬೆರಳಾಡಿಸುತ್ತ ಕೇಳಿದಳು: “ಊಟ ಮಾಡಿದ್ದನಲ್ಲ?”

ಅಪ್ಪ ತನ್ನ ಕೊನೆಯ ರಾತ್ರಿ ರೈಸ್ ಮಿಲ್ಲಿನಿಂದ ತಡವಾಗಿ ಬಂದು, ಹಸಿವಿಲ್ಲ ಎಂದು ಮಲಗಿದ್ದ. ಬೆಳಗ್ಗೆ ಮಂದಿ ಸೇರಿದಾಗ ಜೋಳದ ರೊಟ್ಟಿ, ಪುಂಡಿಪಲ್ಲೆ ತಟ್ಟೆ ಮುಚ್ಚಿಟ್ಟಂತೆಯೇ ಇದ್ದವು. ಮಾತನಾಡಿಸಲು ಬಂದವರೆಲ್ಲ “ಪುಣ್ಯವಂತ, ನರಳಲಿಲ್ಲ” ಎಂದರು. ಸಮಾಧಾನ ಹೇಳಲು ಬರುವವರು ಯಾಕೆ ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಾರೋ! ನರಳಲಿಲ್ಲ ಸರಿ, ಉಣ್ಣಲೂ ಇಲ್ಲ. ಅವ್ವನ ಲೆಕ್ಕ ಅಲ್ಲಿ ನಿಂತಿತ್ತು ಎಂದು ನನಗೆ ಈಗ ಗೊತ್ತಾಗುತ್ತಿದೆ. ಅಮಾವಾಸ್ಯೆ ಬಂದರೆ ಅಪ್ಪನ ಫೋಟೊ ಮುಂದೆ ಮಿರ್ಚಿ ಭಜಿ ಇಡುತ್ತಾಳೆ. ಎಣ್ಣೆ ಪದಾರ್ಥ ನಿನಗೂ ಆಗುವುದಿಲ್ಲ, ಯಾಕೆ ಸುಮ್ಮನೆ ಎಂದು ಅಣ್ಣ ರೇಗುತ್ತಾನೆ. ಒಳ್ಳೆಯವನೇ, ಆದರೆ ಎಲ್ಲದಕ್ಕೂ ಡಾಕ್ಟರ ಮಾತು ತರುತ್ತಾನೆ.

ಮರುದಿನ ಅವ್ವ ಮೊಮ್ಮಗಳಿಗೆ ಗಂಟುಬಿದ್ದಳು. ಹಿಂದಿನಿಂದ ಆಡು, ಅವನನ್ನು ಸರಿಯಾಗಿ ದೋಣಿಯಲ್ಲಿ ಕೂರಿಸಿ ಕಳುಹಿಸು ಎಂದು.

“ಆಗುವುದಿಲ್ಲ ಅಜ್ಜಿ. ಯಾರು ಆಡಿದರೂ ಅವನು ಹೀಗೆಯೇ ಹೋಗುತ್ತಾನೆ.”

“ಎಲ್ಲರಿಗೂ?”

“ಎಲ್ಲರಿಗೂ.”

“ಹಾಗಾದರೆ ನಮ್ಮದೇನೂ ತಪ್ಪಿಲ್ಲ” ಎಂದಳು ಅವ್ವ. ಮಗಳು ಗೇಮಿನ ಮಾತು ಎಂದುಕೊಂಡು ತಲೆಯಾಡಿಸಿದಳು.

ನಿನ್ನೆ ಬಳ್ಳಾರಿಯಿಂದ ಅಣ್ಣನ ಫೋನ್. ಅಪ್ಪನ ಕೋಣೆ ಖಾಲಿ ಮಾಡಿ ಬಾಡಿಗೆಗೆ ಕೊಡೋಣ ಎಂಬ ಹಳೆಯ ರಾಗ. ಅವನು ಹೇಳುವುದು ಸುಳ್ಳಲ್ಲ, ನಾಲ್ಕು ಕಾಸು ಬರುತ್ತದೆ. ದೀಪಾವಳಿ ಕಳೆಯಲಿ, ಅವ್ವನನ್ನೇ ಕೇಳು ಎಂದೆ.